ಆಟಗಾರರ ಏಳುಬೀಳು, ಸೆನ್ಸೆಕ್ಸ್‌ನ ಏರಿಳಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಮೂರು ದಶಕ ಕಾಲೇಜು ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಪಾಠ ಹೇಳಿ ನಿವೃತ್ತನಾಗಿದ್ದೇನೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ಬೆಳಗಿನ ನಡಿಗೆಯಲ್ಲಿ, ಮಂಡ್ಯದ ನೆಂಟರ ಮನೆಯ ಜಗುಲಿಯಲ್ಲಿ, ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ ನನಗೆ ಎದುರಾಗುವ ಪ್ರಶ್ನೆಗಳಲ್ಲಿ ಅರ್ಧಪಾಲು ಕ್ರಿಕೆಟ್ಟಿಗೂ ಷೇರು ಪೇಟೆಗೂ ಗಂಟು ಹಾಕುವಂಥವು. ಈ ಗಂಟುಗಳು ನನಗೆ ಬಹಳ ಇಷ್ಟ. ಪಠ್ಯಪುಸ್ತಕದಲ್ಲಿ ಒಣಗಿ ಕಾಣುವ ಪಾಠವೊಂದು ಇವುಗಳಲ್ಲಿ ಹಸಿಹಸಿಯಾಗಿ ಸಿಗುತ್ತದೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಉಳಿಸಿಕೊಂಡು, ಸುಲಭವಾದವುಗಳಿಂದ ಮೊದಲುಮಾಡಿ ಉತ್ತರಿಸಿದ್ದೇನೆ.

ಮೊದಲ ಪ್ರಶ್ನೆಗಳು

ಮೇಷ್ಟ್ರೇ, ಸಚಿನ್ ಆಡ್ತಿದ್ದಷ್ಟು ಕಾಲ ಷೇರು ಪೇಟೆ ಏರ್ತಾನೇ ಇತ್ತಂತೆ, ನಿಜವಾ?

ಮೊದಲ ಮತ್ತು ಕೊನೆಯ ದಿನವನ್ನಷ್ಟೇ ನೋಡಿದರೆ ನಿಜವೆಂದೇ ಕಾಣುತ್ತದೆ. ಸಚಿನ್ ತೆಂಡೂಲ್ಕರ್ ಮೊದಲ ಟೆಸ್ಟ್ ಆಡಲು ಕರಾಚಿಯಲ್ಲಿ ಅಂಗಳಕ್ಕಿಳಿದದ್ದು 1989ರ ನವೆಂಬರ್ 15ರಂದು. ಮುಂಬೈನ ವಾಂಖೆಡೆಯಲ್ಲಿ 200ನೆಯ ಟೆಸ್ಟ್ ಮುಗಿಸಿ ವಿದಾಯ ಹೇಳಿದ್ದು 2013ರ ನವೆಂಬರ್ 16ರಂದು. ಮುಂಬೈ ಷೇರು ಪೇಟೆಯ ಸೂಚ್ಯಂಕವಾದ ಸೆನ್ಸೆಕ್ಸ್ ಮೊದಲ ಬಾರಿಗೆ 1,000 ಮುಟ್ಟಿದ್ದು 1990ರ ಜುಲೈ 25ರಂದು, ಅಂದರೆ ಕರಾಚಿ ಟೆಸ್ಟಿನ ಹೊತ್ತಿಗೆ ಅದು ನಾಲ್ಕಂಕಿಯನ್ನೇ ಕಂಡಿರಲಿಲ್ಲ. ವಾಂಖೆಡೆಯ ವಿದಾಯದ ವೇಳೆಗೆ ಅದು 20,000ವನ್ನು ದಾಟಿತ್ತು. 24 ವರ್ಷಗಳಲ್ಲಿ ಇಪ್ಪತ್ತು ಪಟ್ಟಿಗೂ ಮಿಗಿಲು.

ತಪ್ಪಿರುವುದು "ಏರುತ್ತಲೇ ಇತ್ತು" ಎಂಬ ಮಾತಿನಲ್ಲಿ. 1992ರಲ್ಲಿ ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಅವರ ಹಗರಣ ಬಯಲಾದಾಗ ಪೇಟೆ ಮುಗ್ಗರಿಸಿತು. 2008ರ ಆರಂಭದಲ್ಲಿ 20,000ದ ಮೇಲಿದ್ದ ಸೆನ್ಸೆಕ್ಸ್ ಆ ವರ್ಷದ ಕೊನೆಗೆ 9,647ಕ್ಕೆ ಇಳಿದಿತ್ತು. ಆ ವರ್ಷದ ಅಕ್ಟೋಬರ್ 17ರಂದು ಮೊಹಾಲಿಯಲ್ಲಿ ಸಚಿನ್ ಬ್ರಯಾನ್ ಲಾರಾ ಅವರ ದಾಖಲೆಯನ್ನು ಮುರಿದು ಟೆಸ್ಟ್ ಕ್ರಿಕೆಟ್ಟಿನಲ್ಲಿ ಅತಿ ಹೆಚ್ಚು ರನ್ ಗಳಿಸಿದವರಾದರು. ಅದೇ ದಿನ ಸೆನ್ಸೆಕ್ಸ್ 10,000ದ ಕೆಳಗೆ ಕುಸಿದು ವಹಿವಾಟು ಮುಗಿಸಿತು. ಎರಡು ತುದಿಗಳನ್ನು ಮಾತ್ರ ತೋರಿಸುವ ಸಂದೇಶಗಳಲ್ಲಿ ಈ ದಿನ ಕಾಣಿಸುವುದೇ ಇಲ್ಲ.

ಎರಡೂ ಜೊತೆಜೊತೆಯಾಗಿ ಏರಿದ್ದರಿಂದ ಏನೋ ಒಂದು ಸಂಬಂಧ ಇರಲೇಬೇಕಲ್ಲ?

ಇರಬೇಕಾಗಿಲ್ಲ. ಸಚಿನ್ ಅವರ ಒಟ್ಟು ರನ್‌ಗಳನ್ನು ವರ್ಷವರ್ಷಕ್ಕೂ ಕೂಡಿಸುತ್ತಾ ಹೋದರೆ ಆ ರೇಖೆ ಕೆಳಗೆ ಇಳಿಯಲು ಸಾಧ್ಯವೇ ಇಲ್ಲ, ಏಕೆಂದರೆ ಒಮ್ಮೆ ಗಳಿಸಿದ ರನ್ ಕಳೆದುಹೋಗುವುದಿಲ್ಲ; ಅದು 34,357 ಅಂತರರಾಷ್ಟ್ರೀಯ ರನ್‌ಗಳವರೆಗೂ ಏರುತ್ತಲೇ ಹೋಗುತ್ತದೆ. ದೇಶದ ಆದಾಯ, ಬೆಲೆಗಳು, ಕಂಪನಿಗಳ ಲಾಭ ಎಲ್ಲವೂ ಬೆಳೆಯುವಾಗ ಸೆನ್ಸೆಕ್ಸ್ ಕೂಡ ದೀರ್ಘಕಾಲದಲ್ಲಿ ಏರುತ್ತದೆ. ಕಾಲದೊಂದಿಗೆ ಏರುವ ಯಾವ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟರೂ ಅವುಗಳ ಸಹಸಂಬಂಧದ ಅಂಕಿ, ಅಂದರೆ ಎರಡೂ ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬುದರ ಅಳತೆ, ಸಾಮಾನ್ಯವಾಗಿ ಅದರ ಗರಿಷ್ಠವಾದ 1ರ ಹತ್ತಿರಕ್ಕೇ ಬರುತ್ತದೆ. 1989ರಲ್ಲಿ ನಿಮ್ಮ ಹಿತ್ತಿಲಲ್ಲಿ ನೆಟ್ಟ ತೆಂಗಿನ ಸಸಿಯ ಎತ್ತರವನ್ನು ಅಳೆದಿಟ್ಟಿದ್ದರೆ ಅದೂ ಸಚಿನ್ ಅವರ ರನ್‌ಗಳೊಂದಿಗೆ ಚೆನ್ನಾಗಿ ಹೊಂದಿಕೊಳ್ಳುತ್ತಿತ್ತು.

ಈ ವಿಷಯ ಹೊಸದಲ್ಲ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ 1926ರಲ್ಲೇ ಇದನ್ನು ವಿವರಿಸಿದರು. 1866ರಿಂದ 1911ರವರೆಗೆ ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಚರ್ಚಿನಲ್ಲಿ ನಡೆದ ಮದುವೆಗಳ ಪ್ರಮಾಣವೂ ಮರಣ ಪ್ರಮಾಣವೂ ಒಟ್ಟಿಗೆ ಇಳಿದಿದ್ದವು, ಸಹಸಂಬಂಧ 0.95. ಚರ್ಚಿನಲ್ಲಿ ಮದುವೆಯಾಗದಿದ್ದರೆ ಆಯಸ್ಸು ಹೆಚ್ಚುತ್ತದೆ ಎಂದು ಯಾರೂ ಹೇಳಲಾರರು. ಇಂಥವನ್ನು ಯೂಲ್ ಅರ್ಥವಿಲ್ಲದ ಸಹಸಂಬಂಧಗಳೆಂದೇ ಕರೆದರು.

ಸಹಸಂಬಂಧ, ಕಾರಣ, ಕಾಕತಾಳೀಯ ಇವು ಬೇರೆ ಬೇರೆಯೇ?

ಬೇರೆಯೇ. ಮಳೆ ಚೆನ್ನಾಗಿ ಆದ ವರ್ಷ ದೇವರಾಜ ಮಾರುಕಟ್ಟೆಯ ಸುತ್ತ ಛತ್ರಿ ವ್ಯಾಪಾರ ಜೋರು, ಕೆಆರ್‌ಎಸ್ ಅಣೆಕಟ್ಟೆಯೂ 124.80 ಅಡಿಯ ಗರಿಷ್ಠ ಮಟ್ಟ ಮುಟ್ಟುತ್ತದೆ. ಛತ್ರಿ ಮಾರಿದ್ದರಿಂದ ಅಣೆಕಟ್ಟೆ ತುಂಬಲಿಲ್ಲ. ಎರಡಕ್ಕೂ ಮಳೆಯೇ ಕಾರಣ. ಇದು ಮೂರನೆಯ ಕಾರಣವೊಂದು ಹುಟ್ಟಿಸಿದ ಸಹಸಂಬಂಧ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದದ್ದು ಕಾಕತಾಳೀಯ. ಅಲ್ಲಿ ಮಳೆಯಂಥ ಮೂರನೆಯದೂ ಇಲ್ಲ. ಇನ್ನು, ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ ಅಜ್ಜಿಯದು ಕ್ರಮವನ್ನು ಕಾರಣವೆಂದು ತಿಳಿದ ತಪ್ಪು. ಈ ಮೂರನ್ನೂ ಬೇರ್ಪಡಿಸಿಕೊಂಡರೆ ಮುಂದಿನ ಉತ್ತರಗಳು ಸುಲಭವಾಗುತ್ತವೆ.

ನಮ್ಮ ಮೈಸೂರಿನ ಶ್ರೀನಾಥ್ ಅವರನ್ನ ಲೆಕ್ಕಕ್ಕೆ ತಗೊಂಡ್ರೆ ಏನು ಬರುತ್ತೆ?

ಈ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಬಹಳ ವರ್ಷ ಕೇಳಿದ್ದೇನೆ, ಏಕೆಂದರೆ ಉತ್ತರ ಸಚಿನ್ ಅವರ ಉತ್ತರಕ್ಕೆ ನೇರ ವಿರುದ್ಧವಾಗಿದೆ. ಜಾವಗಲ್ ಶ್ರೀನಾಥ್ ಭಾರತಕ್ಕೆ ಮೊದಲು ಆಡಿದ್ದು 1991ರ ಅಕ್ಟೋಬರ್‌ನಲ್ಲಿ, ಶಾರ್ಜಾದಲ್ಲಿ. ಆಗ ಸೆನ್ಸೆಕ್ಸ್ ಇನ್ನೂ 2,000 ಮುಟ್ಟಿರಲಿಲ್ಲ. ಅವರ ಕೊನೆಯ ಪಂದ್ಯ 2003ರ ಮಾರ್ಚ್ 23ರಂದು ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ವಿಶ್ವಕಪ್ ಫೈನಲ್. ಆ ತಿಂಗಳ ಕೊನೆಗೆ ಸೆನ್ಸೆಕ್ಸ್ ಇದ್ದದ್ದು 3,049ರಲ್ಲಿ. ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಅವರು ಓಡಿ ಬಂದು ಬೌಲ್ ಮಾಡಿದರೂ ಪೇಟೆ ಎರಡು ಪಟ್ಟಾಗಲು ಹೆಣಗಿತು. ಅವರು ಚೆಂಡು ಕೆಳಗಿಟ್ಟ ಮೇಲೆ ಐದು ವರ್ಷದೊಳಗೆ, 2008ರ ಜನವರಿಯಲ್ಲಿ, ಅದೇ ಸೆನ್ಸೆಕ್ಸ್ 21,000 ದಾಟಿ ಸುಮಾರು ಏಳು ಪಟ್ಟಾಯಿತು.

ಸಚಿನ್ ಅವರ ಲೆಕ್ಕವನ್ನು ಒಪ್ಪುವವರು ಈ ಲೆಕ್ಕವನ್ನೂ ಒಪ್ಪಬೇಕಾಗುತ್ತದೆ. ಟೆಸ್ಟ್‌ನಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದ ಮೈಸೂರು ಎಕ್ಸ್‌ಪ್ರೆಸ್ ಪೇಟೆಗೆ ಅಡ್ಡಿಯಾಗಿದ್ದರು ಎಂದು ಹೇಳುವ ಧೈರ್ಯ ಈ ಊರಿನಲ್ಲಿ ಯಾರಿಗಿದೆ? 2003ರ ನಂತರದ ಏರಿಕೆಗೆ ಕಾರಣಗಳು ಬೇರೆ ಇದ್ದವು: ಜಗತ್ತಿನಾದ್ಯಂತ ಬಡ್ಡಿ ದರ ಕಡಿಮೆಯಿತ್ತು, ವಿದೇಶಿ ಹಣ ಹರಿದು ಬಂತು, ಕಂಪನಿಗಳ ಲಾಭ ಬೆಳೆಯಿತು, 2002ರ ಬರದ ನಂತರ ದೇಶದ ಬಹುಭಾಗದಲ್ಲಿ ಒಳ್ಳೆಯ ಮುಂಗಾರು ಆಯಿತು. ಆ ಒಳ್ಳೆಯ ಮುಂಗಾರು ನಮ್ಮ ಮಂಡ್ಯದ ರೈತರ ಪಾಲಿಗೆ ಬರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸೆನ್ಸೆಕ್ಸ್ ಏರಿದ ಆ ವರ್ಷ ಕರ್ನಾಟಕದಲ್ಲಿ ಬರವೇ ಇತ್ತು.

ದಿನಾಂಕಗಳ ಬೆರಗು

ಕೊಹ್ಲಿ ಟೆಸ್ಟ್ ಬಿಟ್ಟ ದಿನವೇ ಸೆನ್ಸೆಕ್ಸ್ 3,000 ಅಂಕ ಜಿಗಿಯಿತಲ್ಲ, ಇದಕ್ಕೇನು ಹೇಳ್ತೀರಿ?

ನಾನು ಕಂಡ ಕಾಕತಾಳೀಯಗಳಲ್ಲೆಲ್ಲ ಇದು ಅತ್ಯಂತ ಸೊಗಸಾದದ್ದು. 2025ರ ಮೇ 12, ಸೋಮವಾರ. ವಿರಾಟ್ ಕೊಹ್ಲಿ ಟೆಸ್ಟ್ ಕ್ರಿಕೆಟ್ಟಿಗೆ ವಿದಾಯ ಘೋಷಿಸಿದರು. ಸೆನ್ಸೆಕ್ಸ್ 2,975 ಅಂಕ ಏರಿ 82,400ರ ಮೇಲೆ ನಿಂತಿತು. ಆದರೆ ಅದರ ಹಿಂದಿನ ಶನಿವಾರ, ಮೇ 10ರಂದು, ಭಾರತ ಮತ್ತು ಪಾಕಿಸ್ತಾನದ ನಡುವಿನ ಸೇನಾ ಸಂಘರ್ಷ ನಿಂತಿತ್ತು. ಶನಿವಾರ ಮತ್ತು ಭಾನುವಾರ ಪೇಟೆಗೆ ರಜೆಯಾದ್ದರಿಂದ ಆ ಸಮಾಧಾನವೆಲ್ಲ ಸೋಮವಾರ ಬೆಳಗ್ಗೆ ಒಟ್ಟಿಗೆ ಹೊರಬಂತು. ಅದೇ ಸೋಮವಾರ ಅಮೆರಿಕ ಮತ್ತು ಚೀನಾ ಪರಸ್ಪರ ಹೇರಿದ್ದ ಸುಂಕಗಳನ್ನು 90 ದಿನಗಳ ಮಟ್ಟಿಗೆ ತಗ್ಗಿಸಲು ಒಪ್ಪಿದ ಸುದ್ದಿಯೂ ಬಂತು. ಸಂಜೆ ಕೆರೆಯ ಏರಿಯ ಮೇಲೆ ಇಬ್ಬರು ಈ ಬಗ್ಗೆ ವಾದಿಸುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಒಬ್ಬರಿಗೆ ಕೊಹ್ಲಿ ಹೋದ ದುಃಖ, ಇನ್ನೊಬ್ಬರಿಗೆ ಮ್ಯೂಚುವಲ್ ಫಂಡ್ ಏರಿದ ಸಂತೋಷ.

ಶತಕಗಳ ಶತಕದ ದಿನ ಪೇಟೆ ಏನಾಗಿತ್ತು? ಕುಂಬ್ಳೆ ಹತ್ತು ವಿಕೆಟ್ ತೆಗೆದ ದಿನ?

ಸಚಿನ್ ಅವರ 100ನೆಯ ಅಂತರರಾಷ್ಟ್ರೀಯ ಶತಕ ಬಂದದ್ದು 2012ರ ಮಾರ್ಚ್ 16ರಂದು, ಮೀರ್‌ಪುರದಲ್ಲಿ, ಬಾಂಗ್ಲಾದೇಶದ ವಿರುದ್ಧ. ಅದೇ ದಿನ ದೆಹಲಿಯಲ್ಲಿ ಕೇಂದ್ರ ಬಜೆಟ್ ಮಂಡನೆಯಾಯಿತು. ಸೆನ್ಸೆಕ್ಸ್ ಸುಮಾರು 200 ಅಂಕ ಇಳಿಯಿತು, ಪಂದ್ಯವನ್ನೂ ಭಾರತ ಸೋತಿತು.

ಅನಿಲ್ ಕುಂಬ್ಳೆ ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಉರುಳಿಸಿದ 1999ರ ಫೆಬ್ರವರಿ 7 ಭಾನುವಾರ. ಅದೇ ಕೋಟ್ಲಾದಲ್ಲಿ ಅವರು ನಿವೃತ್ತಿ ಹೇಳಿದ 2008ರ ನವೆಂಬರ್ 2 ಕೂಡ ಭಾನುವಾರವೇ. ಎರಡೂ ದಿನ ಪೇಟೆಯ ಬಾಗಿಲು ಮುಚ್ಚಿತ್ತು. ಆದರೂ ಹುಡುಕುವವರಿಗೆ ಗಂಟು ಸಿಕ್ಕೇ ಸಿಗುತ್ತದೆ: ನಿವೃತ್ತಿಗೆ ಆರು ದಿನ ಮೊದಲು, ಅಕ್ಟೋಬರ್ 27ರಂದು, ಸೆನ್ಸೆಕ್ಸ್ 7,700ರ ಆಸುಪಾಸಿನ ತಳ ಮುಟ್ಟಿತ್ತು. ಅದೇ ದಿನ ಸಿಗದಿದ್ದರೆ ಹಿಂದಿನ ವಾರ, ಅದೂ ಇಲ್ಲವಾದರೆ ಮುಂದಿನ ತಿಂಗಳು ಎಂದು ಅವಧಿಯನ್ನು ಹಿಗ್ಗಿಸುತ್ತಾ ಹೋದರೆ ಸಂಬಂಧ ಸಿಗದೆ ಹೋಗುವುದು ಕಷ್ಟ.

ಭಾರತ ವಿಶ್ವಕಪ್ ಗೆದ್ದ ವರ್ಷ ಸೆನ್ಸೆಕ್ಸ್ ಏರುತ್ತದೆಯೇ?

ಏಕದಿನ ವಿಶ್ವಕಪ್ಪನ್ನು ನೋಡಿದರೆ ಸೋಲೇ ಲಾಭದಾಯಕವೆಂದು ತೋರುತ್ತದೆ. 2011ರಲ್ಲಿ ಭಾರತ ಗೆದ್ದಿತು. ಆ ವರ್ಷ ಸೆನ್ಸೆಕ್ಸ್ ಸುಮಾರು 25% ಇಳಿಯಿತು. 2003ರಲ್ಲಿ ಫೈನಲ್ ಸೋತಿತು. ಆ ವರ್ಷ ಸುಮಾರು 73% ಏರಿತು. 2023ರಲ್ಲಿ ಅಹಮದಾಬಾದಿನ ಫೈನಲ್ ಸೋತಿತು; ಆ ವರ್ಷ ಸುಮಾರು 19% ಏರಿತು. ಇಲ್ಲಿಗೆ ನಿಲ್ಲಿಸಿದರೆ ಒಂದು ಸೂತ್ರವೇ ಸಿದ್ಧವಾಗುತ್ತದೆ.

ನಿಲ್ಲಿಸದೆ ಮುಂದುವರಿದರೆ ಸೂತ್ರ ಸಡಿಲವಾಗುತ್ತದೆ. 1996, 2015 ಮತ್ತು 2019ರಲ್ಲಿ ಭಾರತ ಸೆಮಿಫೈನಲ್‌ನಲ್ಲಿ ಸೋತಿತು: ಮೊದಲನೆಯ ವರ್ಷ ಪೇಟೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ಎರಡನೆಯದರಲ್ಲಿ 5% ಇಳಿಯಿತು, ಮೂರನೆಯದರಲ್ಲಿ 14% ಏರಿತು. 2007ರಲ್ಲಿ ಮಾರ್ಚ್‌ನಲ್ಲೇ ಏಕದಿನ ವಿಶ್ವಕಪ್ಪಿನಿಂದ ಹೊರಬಿದ್ದ ತಂಡ ಸೆಪ್ಟೆಂಬರ್‌ನಲ್ಲಿ ಟಿ20 ವಿಶ್ವಕಪ್ ಗೆದ್ದಿತು. 47% ಏರಿದ ಆ ವರ್ಷವನ್ನು ಸೋಲಿನ ಖಾತೆಗೆ ಬರೆಯಬೇಕೋ ಗೆಲುವಿನ ಖಾತೆಗೋ? 1983ರ ಗೆಲುವನ್ನು ಸೇರಿಸಲು ಹೊರಟವರಿಗೆ ಇನ್ನೊಂದು ತೊಡಕಿದೆ. ಸೆನ್ಸೆಕ್ಸ್ ಪ್ರಕಟವಾಗತೊಡಗಿದ್ದೇ 1986ರಲ್ಲಿ; ಅದಕ್ಕೆ ಹಿಂದಿನ ಅಂಕಿಗಳನ್ನು 1978-79ನ್ನು 100 ಎಂದು ಹಿಡಿದು ನಂತರ ಲೆಕ್ಕ ಹಾಕಲಾಯಿತು.

ಅಮೆರಿಕದಲ್ಲಿ ಇಂಥದೇ ಒಂದು ಸೂತ್ರ ಹತ್ತಾರು ವರ್ಷ ನಡೆಯಿತಂತೆ, ಅದೇನು?

ಅದು ಸೂಪರ್ ಬೌಲ್ ಸೂತ್ರ. ಅಮೆರಿಕನ್ ಫುಟ್‌ಬಾಲ್‌ನ ವಾರ್ಷಿಕ ಫೈನಲ್‌ನಲ್ಲಿ ಹಳೆಯ ಎನ್‌ಎಫ್‌ಎಲ್ ಲೀಗಿನ ಮೂಲದ ತಂಡ ಗೆದ್ದರೆ ಪೇಟೆ ಏರುತ್ತದೆ, ಅದರ ಹಳೆಯ ಪ್ರತಿಸ್ಪರ್ಧಿ ಎಎಫ್‌ಎಲ್ ಲೀಗಿನ ಮೂಲದ ತಂಡ ಗೆದ್ದರೆ ಇಳಿಯುತ್ತದೆ ಎಂದು ಕ್ರೀಡಾ ಬರಹಗಾರ ಲೆನರ್ಡ್ ಕಾಪೆಟ್ 1978ರಲ್ಲಿ ಬರೆದರು. ಆಮೇಲೂ ಹಲವು ವರ್ಷ ಅದು ಹೊಂದಿಕೊಂಡೇ ಬಂದದ್ದರಿಂದ 1990ರಲ್ಲಿ ಹಣಕಾಸಿನ ಗಂಭೀರ ವಿದ್ವತ್ ಪತ್ರಿಕೆಯೊಂದರಲ್ಲೂ ಅದರ ಮೇಲೆ ಲೇಖನ ಪ್ರಕಟವಾಯಿತು.

ಸೂತ್ರ ಎಡವಿದ್ದು ಆ ಬಳಿಕ. 1998 ಮತ್ತು 1999ರಲ್ಲಿ ಎಎಫ್‌ಎಲ್ ಮೂಲದ ಡೆನ್ವರ್ ತಂಡ ಗೆದ್ದರೂ ಪೇಟೆ ಏರಿತು. 2008ರ ಫೆಬ್ರವರಿಯಲ್ಲಿ ಎನ್‌ಎಫ್‌ಎಲ್ ಮೂಲದ ನ್ಯೂಯಾರ್ಕ್ ಜೈಂಟ್ಸ್ ಗೆದ್ದಿತು. ಆ ವರ್ಷ ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಸುಮಾರು 34% ಕುಸಿಯಿತು. ಅಷ್ಟು ಕಾಲ ಹೊಂದಿಕೊಂಡದ್ದರ ಗುಟ್ಟು ಸರಳ: ಅಮೆರಿಕದ ಪೇಟೆ ಹೆಚ್ಚಿನ ವರ್ಷಗಳಲ್ಲಿ ಏರುವಂಥದೇ, ಹಳೆಯ ಎನ್‌ಎಫ್‌ಎಲ್ ಮೂಲದ ತಂಡಗಳು ಆ ಕಾಲದಲ್ಲಿ ಹೆಚ್ಚಾಗಿ ಗೆಲ್ಲುತ್ತಿದ್ದವು. ಪದೇ ಪದೇ ಆಗುವ ಎರಡು ಸಂಗತಿಗಳು ಪದೇ ಪದೇ ಒಂದೇ ವರ್ಷ ಕೂಡುತ್ತವೆ.

ಇನ್ನೂ ಒಳಹೊಕ್ಕು

ನಾನೇ ಎರಡು ವರ್ಷದಿಂದ ಬರೆದಿಟ್ಟಿದ್ದೀನಿ, ಎಲ್ಲಾ ಸರಿಯಾಗಿ ಹೊಂದ್ತಿದೆ. ಇದನ್ನೂ ಸುಳ್ಳು ಅಂತೀರಾ?

ಮದ್ದೂರಿನ ಕಡೆಯ ಯುವಕರೊಬ್ಬರು ಈ ಪ್ರಶ್ನೆಯ ಜೊತೆಗೆ ನೋಟ್‌ಬುಕ್ಕನ್ನೂ ತಂದಿದ್ದರು. ನೂರು ಪುಟದ, ರಟ್ಟಿನ ಮೂಲೆಗಳು ಮುದುಡಿದ ಪುಸ್ತಕ. ಎಡಗಡೆ ನೀಲಿ ಶಾಯಿಯಲ್ಲಿ ಶತಕದ ದಿನಾಂಕ, ಬಲಗಡೆ ಮರುದಿನದ ಸೆನ್ಸೆಕ್ಸ್. ಏರಿದ್ದರೆ ಪಕ್ಕದಲ್ಲಿ ಕೆಂಪು ಶಾಯಿಯ ಬಾಣ. ಪ್ರತಿ ಸಾಲಿಗೂ ಬಾಣವಿತ್ತು. ಅಕ್ಷರ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಆ ಶ್ರದ್ಧೆಗೆ ನನಗೆ ಗೌರವವೇ ಮೂಡಿತು. ಬಾಣವಿಲ್ಲದ ಶತಕ ಒಂದೂ ಇಲ್ಲವೇ ಎಂದು ಕೇಳಿದೆ. "ಹೊಂದದೇ ಇದ್ದಾಗ ಬರೀಲಿಲ್ಲ ಸಾರ್, ಅದನ್ಯಾಕೆ ಬರೀಬೇಕು?" ಎಂದರು.

ಅವರು ಸುಳ್ಳು ಬರೆದಿರಲಿಲ್ಲ, ಬರೆದ ಪ್ರತಿ ಸಾಲೂ ನಿಜವೇ. ಆದರೆ ಬರೆಯದೆ ಬಿಟ್ಟ ಸಾಲುಗಳಲ್ಲಿ ಉತ್ತರವಿತ್ತು. ಮನಸ್ಸು ಹೊಂದಿದ್ದನ್ನು ನೆನಪಿಡುತ್ತದೆ, ಹೊಂದದ್ದನ್ನು ಬಿಟ್ಟುಬಿಡುತ್ತದೆ. ಸಾಮಾನ್ಯ ದಿನಗಳಲ್ಲೂ ಪೇಟೆ ಏರುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಶತಕದ ಮರುದಿನಗಳಲ್ಲಿ ಅದಕ್ಕಿಂತ ಹೆಚ್ಚು ಬಾರಿ ಏರಿದೆಯೇ ಎಂಬುದನ್ನು ನೋಡಬೇಕು, ಹಾಗೆ ನೋಡಲು ಎಲ್ಲ ಶತಕಗಳೂ ಬೇಕು.

ಕಂಪ್ಯೂಟರ್‌ನಲ್ಲಿ ಹಾಕಿ ನೋಡಿದಾಗ ಸಹಸಂಬಂಧ 0.9ಕ್ಕಿಂತ ಹೆಚ್ಚು ಬಂತು. ಅಂಕಿಯೇ ಸುಳ್ಳು ಹೇಳುತ್ತದೆಯೇ?

ಎಷ್ಟು ಸಲ ಹುಡುಕಿದ ಮೇಲೆ ಆ ಅಂಕಿ ಸಿಕ್ಕಿತು ಎಂಬುದನ್ನು ಅದು ಹೇಳುವುದಿಲ್ಲ. ಹಣಕಾಸು ಸಂಶೋಧಕ ಡೇವಿಡ್ ಲೈನ್‌ವೆಬರ್ ಇದನ್ನು ತೋರಿಸಲೆಂದೇ ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕಕ್ಕೆ ಚೆನ್ನಾಗಿ ಹೊಂದುವ ಅಂಕಿಯೊಂದನ್ನು ಹುಡುಕಿದರು. ಸಿಕ್ಕಿದ್ದು ಬಾಂಗ್ಲಾದೇಶದ ಬೆಣ್ಣೆ ಉತ್ಪಾದನೆ. ಸೂಚ್ಯಂಕದ ಏರಿಳಿತದ ಸುಮಾರು 75% ಭಾಗವನ್ನು ಅದೊಂದೇ "ವಿವರಿಸಿತು". ಅದಕ್ಕೆ ಅಮೆರಿಕದ ಚೀಸ್ ಉತ್ಪಾದನೆಯನ್ನೂ ಎರಡು ದೇಶಗಳ ಕುರಿಗಳ ಸಂಖ್ಯೆಯನ್ನೂ ಸೇರಿಸಿದಾಗ 99% ಆಯಿತು.

ಲೆಕ್ಕ ಹೀಗಿದೆ. ಬರೀ ಅದೃಷ್ಟದಿಂದ ಹೊಂದಿಕೊಳ್ಳುವ ಸಾಧ್ಯತೆ 5% ಇರುವ ಪರೀಕ್ಷೆಯನ್ನು ಒಬ್ಬ ಆಟಗಾರನ ಮೇಲೆ ಮಾಡಿದರೆ ಮೋಸಹೋಗುವ ಸಾಧ್ಯತೆ ಕಡಿಮೆ. ಅದನ್ನೇ 20 ಆಟಗಾರರ ಮೇಲೆ ಮಾಡಿದರೆ ಒಬ್ಬರಾದರೂ ಸುಮ್ಮನೆ ಹೊಂದಿಕೊಳ್ಳುವ ಸಾಧ್ಯತೆ ಸುಮಾರು 64%. ಭಾರತದ ಪರ ಆಡಿದವರು ನೂರಾರು ಮಂದಿ; ಒಬ್ಬೊಬ್ಬರಿಗೂ ರನ್, ವಿಕೆಟ್, ಕ್ಯಾಚ್, ಸರಾಸರಿ ಎಂದು ಹತ್ತು ಅಂಕಿಗಳಿವೆ. ನಮ್ಮ ಕೈಗೆ ಬರುವುದು ಗೆದ್ದ ಅಂಕಿ ಮಾತ್ರ.

ಸರಿ, ಪರೀಕ್ಷೆ ಮಾಡೋದು ಹೇಗೆ? ಮನೆಯಲ್ಲೇ ಮಾಡಬಹುದಾ?

ಖಂಡಿತ ಮಾಡಬಹುದು, ಒಂದು ಗ್ರಾಫ್ ಹಾಳೆ ಸಾಕು. ಒಟ್ಟು ಮೊತ್ತಗಳನ್ನು ಬಿಟ್ಟು ವರ್ಷದಿಂದ ವರ್ಷಕ್ಕೆ ಆದ ಬದಲಾವಣೆಗಳನ್ನು ಗುರುತಿಸಿ. ಸಚಿನ್ ಏಕದಿನ ಪಂದ್ಯಗಳಲ್ಲಿ 9 ಶತಕಗಳೊಂದಿಗೆ 1,894 ರನ್ ಬಾರಿಸಿದ 1998ರಲ್ಲಿ ಸೆನ್ಸೆಕ್ಸ್ ಸುಮಾರು 16% ಇಳಿಯಿತು. ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ರನ್ ಬರದೆ ವಾಂಖೆಡೆಯಲ್ಲೇ ಮೂದಲಿಕೆ ಕೇಳಿದ 2006ರಲ್ಲಿ ಅದು ಸುಮಾರು 47% ಏರಿತು. ಗ್ವಾಲಿಯರ್‌ನಲ್ಲಿ ದ್ವಿಶತಕ ಹೊಡೆದ 2010ರಲ್ಲಿ ಮಾತ್ರ ಎರಡೂ ಚೆನ್ನಾಗಿದ್ದವು. ಹೀಗೆ ಚುಕ್ಕೆಗಳನ್ನಿಡುತ್ತಾ ಹೋದರೆ, ಮೊದಲು ಒಂದೇ ಏಣಿಯಂತೆ ಕಂಡ ಎರಡು ರೇಖೆಗಳ ಜಾಗದಲ್ಲಿ ಎಳ್ಳು ಚೆಲ್ಲಿದಂತೆ ಚುಕ್ಕೆಗಳು ಹರಡಿಕೊಳ್ಳುತ್ತವೆ. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಅವರು ಅದನ್ನು ಮರೆಯುವುದಿಲ್ಲ.

ಆಟಕ್ಕೂ ಪೇಟೆಗೂ ನಿಜವಾದ ಸಂಬಂಧ ಒಂದೂ ಇಲ್ಲವೇ?

ಇದೆ, ಆದರೆ ಚಿಕ್ಕದು. ಅಲೆಕ್ಸ್ ಎಡ್ಮಾನ್ಸ್ ಮತ್ತು ಇನ್ನಿಬ್ಬರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಶ್ವಕಪ್ ಫುಟ್‌ಬಾಲ್‌ನ ನಾಕೌಟ್ ಹಂತದಲ್ಲಿ ಸೋತ ದೇಶದ ಪೇಟೆ ಮರುದಿನ ಸಾಮಾನ್ಯಕ್ಕಿಂತ ಸರಾಸರಿ 0.49% ಕೆಳಗಿರುತ್ತದೆ. ಗೆದ್ದಾಗ ಅಂಥ ಏರಿಕೆ ಕಾಣಲಿಲ್ಲ. ಕ್ರಿಕೆಟ್ ಸೋಲಿನ ನಂತರವೂ ಇಳಿಕೆ ಕಂಡಿತು, ಫುಟ್‌ಬಾಲ್‌ಗಿಂತ ಕಡಿಮೆ. ಇದು ನಂಬತಕ್ಕದ್ದು ಏಕೆಂದರೆ ಸೋಲು ಜನರ ಮನಸ್ಸನ್ನು ಕುಗ್ಗಿಸುತ್ತದೆ ಎಂಬ ಕಾರಣವನ್ನು ಮನಃಶಾಸ್ತ್ರ ಮೊದಲೇ ಕಂಡುಕೊಂಡಿತ್ತು, ಅಂಕಿಗಳನ್ನು ಆಮೇಲೆ ನೋಡಲಾಯಿತು. ಆದರೆ ಒಂದು ಲಕ್ಷ ರೂಪಾಯಿಗೆ 490 ರೂಪಾಯಿಯ ಈ ಸರಾಸರಿ ವ್ಯತ್ಯಾಸವನ್ನು ಹಿಡಿಯಲು ಹೊರಟರೆ ದಲ್ಲಾಳಿ ಶುಲ್ಕ, ತೆರಿಗೆಗಳೇ ಒಂದಿಷ್ಟನ್ನು ನುಂಗುತ್ತವೆ.

ಇನ್ನೊಂದು ಅಧ್ಯಯನ 2010ರ ವಿಶ್ವಕಪ್ ಫುಟ್‌ಬಾಲ್ ಕುರಿತದ್ದು. ತಮ್ಮ ದೇಶದ ತಂಡ ಆಡುತ್ತಿದ್ದಾಗ ಆಯಾ ದೇಶಗಳ ಪೇಟೆಯಲ್ಲಿ ವಹಿವಾಟುಗಳ ಸಂಖ್ಯೆ 45% ಇಳಿದಿತ್ತು. ದಲ್ಲಾಳಿಗಳೂ ಟಿವಿ ನೋಡುತ್ತಿದ್ದರು.

ರೊನಾಲ್ಡೊ ಕೋಕ್ ಬಾಟಲಿ ಪಕ್ಕಕ್ಕಿಟ್ಟಿದ್ದಕ್ಕೆ ಕಂಪನಿಗೆ 400 ಕೋಟಿ ಡಾಲರ್ ನಷ್ಟ ಆಯಿತಂತೆ. ಇದು ನೇರ ಕಾರಣ ತಾನೆ?

ಅಲ್ಲ. 2021ರ ಜೂನ್ 14ರಂದು ಕೋಕಾ-ಕೋಲಾ ಷೇರು 56.10 ಡಾಲರ್‌ನಿಂದ 55.22 ಡಾಲರ್‌ವರೆಗೆ ಇಳಿದದ್ದು ನಿಜ. ಆದರೆ ಅಂದು ಆ ಷೇರಿನ ಲಾಭಾಂಶದ ಹಕ್ಕು ಕಳೆಯುವ ದಿನ; ಅಂದಿನಿಂದ ಕೊಂಡವರಿಗೆ ಆ ಕಂತಿನ 42 ಸೆಂಟ್ ಲಾಭಾಂಶ ಸಿಗುತ್ತಿರಲಿಲ್ಲ. ಕಬ್ಬು ಕಡಿದು ಸಾಗಿಸಿದ ಮೇಲೆ ಗದ್ದೆಗೆ ನಿಂತ ಬೆಳೆಯ ಬೆಲೆ ಸಿಗುವುದಿಲ್ಲ ಎಂಬುದನ್ನು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ಇಳಿಕೆಯ ಅರ್ಧದಷ್ಟು ಅಲ್ಲಿಗೇ ಸರಿಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಬೈಗುಳ ಮಾತ್ರ ರೊನಾಲ್ಡೊ ಅವರ ಪಾಲಿಗೆ ಬಂತು.

ಟೈಗರ್ ವುಡ್ಸ್ ಅವರದು ಬೇರೆ. 2009ರ ನವೆಂಬರ್‌ನ ಕಾರು ಅಪಘಾತದ ನಂತರ ಅವರ ಖಾಸಗಿ ಬದುಕು ಬೀದಿಗೆ ಬಂದಾಗ, ಅವರನ್ನು ಜಾಹೀರಾತಿಗೆ ಬಳಸುತ್ತಿದ್ದ ಕಂಪನಿಗಳ ಷೇರುಗಳು ಕೆಲವೇ ವಾರಗಳಲ್ಲಿ ಸುಮಾರು 2% ಮೌಲ್ಯ ಕಳೆದುಕೊಂಡವು ಎಂದು ಕ್ರಿಸ್ಟೊಫರ್ ನಿಟೆಲ್ ಮತ್ತು ವಿಕ್ಟರ್ ಸ್ಟ್ಯಾಂಗೊ ಲೆಕ್ಕ ಹಾಕಿದ್ದಾರೆ. ಅಲ್ಲಿ ಆಟಗಾರನಿಗೂ ಕಂಪನಿಗೂ ಒಪ್ಪಂದದ ನಂಟಿತ್ತು. ಅವರು ಹೋಲಿಸಿದ್ದೂ ಅಂಥ ನಂಟಿಲ್ಲದ ಪ್ರತಿಸ್ಪರ್ಧಿ ಕಂಪನಿಗಳೊಂದಿಗೆ.

ಐಪಿಎಲ್ ಅಂಕಿ ನೋಡಿ ಆಪ್ಷನ್ಸ್ ಹಾಕುವ ವಾಟ್ಸ್ಆ್ಯಪ್ ಗುಂಪೊಂದಿದೆ. ಸೇರಬಹುದೇ ಸಾರ್?

ದಯವಿಟ್ಟು ಸೇರಬೇಡಿ. ಆಪ್ಷನ್ಸ್ ಎಂದರೆ ಷೇರು ಅಥವಾ ಸೂಚ್ಯಂಕದ ಮುಂದಿನ ಬೆಲೆಯ ಮೇಲೆ ಮಾಡಿಕೊಳ್ಳುವ ಒಪ್ಪಂದ; ಫ್ಯೂಚರ್ಸ್ ಕೂಡ ಅದೇ ಜಾತಿಯದು. ಪಾಂಡವಪುರದ ನನ್ನ ನೆಂಟರೊಬ್ಬರು ಇಂಥ ಗುಂಪಿನ ಮಾತು ನಂಬಿ, ಮಗಳ ಮದುವೆಗೆಂದು ಇಟ್ಟಿದ್ದ ಹಣದಲ್ಲಿ ದೊಡ್ಡ ಪಾಲನ್ನು ಆರು ವಾರಗಳಲ್ಲಿ ಕಳೆದುಕೊಂಡರು. ಗುಂಪು ನಡೆಸುತ್ತಿದ್ದವರ ಫೋನ್ ಈಗ ಸ್ವಿಚ್ ಆಫ್. ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ವೈಯಕ್ತಿಕ ಹೂಡಿಕೆದಾರರಲ್ಲಿ 93% ಮಂದಿ ನಷ್ಟ ಅನುಭವಿಸಿದ್ದಾರೆ. ಕ್ರಿಕೆಟ್ಟಿನ ಹೆಸರು ಸೇರಿದರೆ ಆ ಆಟಕ್ಕೆ ಆಕರ್ಷಣೆ ಹೆಚ್ಚುತ್ತದೆ, ಅಪಾಯ ಕಡಿಮೆಯಾಗುವುದಿಲ್ಲ.

ಹೊಸದೊಂದು ಸಂಬಂಧ ಕಂಡರೆ ನಿಮಗೆ ಕಳಿಸಬಹುದೇ?

ಸಂತೋಷದಿಂದ ಕಳಿಸಿ. ಒಂದೇ ಕೋರಿಕೆ: ಯಾವ ಆಟಗಾರ, ಯಾವ ಅಂಕಿ, ಎಷ್ಟು ದಿನಗಳ ಅವಧಿ ಎಂಬುದನ್ನು ಸರಣಿ ಶುರುವಾಗುವ ಮೊದಲೇ ಬರೆದು ದಿನಾಂಕ ಹಾಕಿ ಕಳಿಸಿ, ಸರಣಿ ಮುಗಿದ ಮೇಲೆ ಇಬ್ಬರೂ ಕೂತು ನೋಡೋಣ. ಮದ್ದೂರಿನ ಆ ಯುವಕರು ಈಗ ಹೀಗೆಯೇ ಮಾಡುತ್ತಿದ್ದಾರೆ. ಹೋದ ತಿಂಗಳು ತಂದ ಎರಡನೆಯ ನೋಟ್‌ಬುಕ್ಕಿನಲ್ಲಿ ಒಂದು ಶತಕವನ್ನೂ ಬಿಟ್ಟಿಲ್ಲ. ಕೆಂಪು ಬಾಣಗಳು ಮೇಲಕ್ಕೂ ಇವೆ, ಕೆಳಕ್ಕೂ ಇವೆ; ಕೆಳಮುಖದ ಬಾಣಗಳನ್ನೂ ಅಷ್ಟೇ ಅಚ್ಚುಕಟ್ಟಾಗಿ ಬರೆದಿದ್ದಾರೆ.